ಬಾಳ್ವೆಯನ್ನು ಅಳೆಯುವ ಕನ್ನಡ: ಹೊಟ್ಟೆಯಲ್ಲಿ ಮಲಮಾರ್ಗವುಳ್ಳ ರೋಗಿಗಳ ಪ್ರಶ್ನಾವಳಿಯ ವಿಮರ್ಶೆ

ವಿಮರ್ಶೆಯು ಕಾವ್ಯನಾಟಕಗಳಿಗೆ ಮಾತ್ರ ಸಲ್ಲತಕ್ಕುದೆಂಬ ಮತವು ವಿದ್ವಾಂಸರಲ್ಲಿ ಬಹುಕಾಲದಿಂದ ರೂಢವಾಗಿರುವುದು. ಆದರೆ ಮನುಷ್ಯನ ಸುಖದುಃಖಗಳನ್ನು ಮಾತಿನಲ್ಲಿ ಹಿಡಿಯಲು ಹೊರಟ ಬರಹವು ಯಾವುದೇ ಆಗಿರಲಿ, ಅದು ಶಬ್ದಾರ್ಥಗಳ ಪರೀಕ್ಷೆಗೆ ಒಳಗಾಗಲೇಬೇಕು. ಕ್ಯಾನ್ಸರ್ ರೋಗಿಗಳ ಬಾಳ್ವೆ ಹೇಗಿರುವುದೆಂದು ತಿಳಿಯಲು ವೈದ್ಯರು ಈಗ ಬಳಸುತ್ತಿರುವ ಪ್ರಶ್ನಾವಳಿಗಳು ಇಂತಹ ಬರಹಗಳೇ ಸರಿ. ಕಾವ್ಯದಲ್ಲಿ ಒಂದು ಪದವು ತಪ್ಪಿದರೆ ರಸಕ್ಕೆ ಭಂಗವುಂಟಾಗುವುದು. ಇಲ್ಲಿ ಒಂದು ಪದವು ತಪ್ಪಿದರೆ ರೋಗಿಯ ನೋವೇ ಲೆಕ್ಕಕ್ಕೆ ಬಾರದೆ ಹೋಗುವುದು. ಆದುದರಿಂದ ಭಾಷೆಯನ್ನು ಕಲಿಸುವವರಿಗೆ ಈ ವಿಷಯವು ಪರಕೀಯವಲ್ಲ.

ವಿಚಾರಕ್ಕೆ ಎತ್ತಿಕೊಂಡುದು ದೊಡ್ಡ ಕರುಳಿನ ಮತ್ತು ಗುದನಾಳದ ಕ್ಯಾನ್ಸರು. ರೋಗವು ಗುದನಾಳದ ತೀರ ಕೆಳಗಡೆ ಬೇರೂರಿದ್ದರೆ ಶಸ್ತ್ರವೈದ್ಯನು ಅನೇಕ ವೇಳೆ ಆ ಭಾಗವನ್ನು ಗುದಸಹಿತವಾಗಿ ತೆಗೆದುಹಾಕಿ, ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಗೋಡೆಯಿಂದ ಹೊರಕ್ಕೆ ತಂದು ಚರ್ಮಕ್ಕೆ ಹೊಲಿಯುವನು. ಈ ಶಸ್ತ್ರಕ್ರಿಯೆಯ ಕ್ರಮವನ್ನು ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಎಂಬಾತನು ೧೯೦೮ರಲ್ಲಿ ಪ್ರಕಟಿಸಿದನು. ಅಂದಿನಿಂದ ಮಲವು ಆ ಹೊಸ ದಾರಿಯಿಂದ ಬರುವುದು. ಅದನ್ನು ತಡೆಹಿಡಿಯುವ ಸ್ನಾಯುವು ಅಲ್ಲಿ ಇಲ್ಲದ ಕಾರಣ ಹೊಟ್ಟೆಗೆ ಒಂದು ಚೀಲವನ್ನು ಅಂಟಿಸಿಕೊಂಡಿರಬೇಕು. ಕೆಲವರಿಗೆ ಈ ದಾರಿಯು ತಾತ್ಕಾಲಿಕ. ಕೆಲವು ತಿಂಗಳ ಬಳಿಕ ಮುಚ್ಚಲ್ಪಡುವುದು. ಗುದವನ್ನು ಕಳೆದುಕೊಂಡವರಿಗೆ ಅದು ಆಜೀವ. ಭಾರತದಲ್ಲಿ ಈ ರೋಗವು ಪಾಶ್ಚಾತ್ಯ ದೇಶಗಳಲ್ಲಿರುವಷ್ಟು ವ್ಯಾಪಕವಲ್ಲವಾದರೂ, ಬಂದವರಲ್ಲಿ ಗುದನಾಳದ ರೋಗವೇ ಹೆಚ್ಚೆಂದೂ, ಅಲ್ಲಿಗಿಂತ ಚಿಕ್ಕ ವಯಸ್ಸಿನವರು ಇಲ್ಲಿ ಹೆಚ್ಚಾಗಿ ಸಿಕ್ಕುವರೆಂದೂ ವೈದ್ಯರು ಕಂಡುಕೊಂಡಿರುವರು. ಎಂದರೆ ಚೀಲದೊಡನೆ ಕಳೆಯಬೇಕಾದ ಕಾಲವು ದುಡಿಯುವ, ಸಂಸಾರ ನಡೆಸುವ ಕಾಲವೇ ಆಗಿರುವುದು.

ಬಾಳ್ವೆಯನ್ನು ಅಳೆಯುವ ಪ್ರಶ್ನಾವಳಿಗಳಲ್ಲಿ ಮುಖ್ಯವಾದುದು ಯೂರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯದು. ಅದರ ಮೂವತ್ತು ಪ್ರಶ್ನೆಗಳ ಮೂಲಪತ್ರವು ೧೯೯೩ರಲ್ಲಿ ಪ್ರಕಟವಾಯಿತು, ಕನ್ನಡಕ್ಕೂ ಬಂದಿರುವುದು. ಕರುಳಿನ ಕ್ಯಾನ್ಸರಿಗೆಂದೇ ಅದರೊಡನೆ ಸೇರಿಸುವ ಇಪ್ಪತ್ತೊಂಬತ್ತು ಪ್ರಶ್ನೆಗಳ ಇನ್ನೊಂದು ಪತ್ರವುಂಟು. ಮೂಲಪತ್ರದ ಮೊದಲ ಇಪ್ಪತ್ತೆಂಟು ಪ್ರಶ್ನೆಗಳಿಗೆ ರೋಗಿಯು ೧ರಿಂದ ೪ರವರೆಗಿನ ಒಂದು ಅಂಕೆಯನ್ನೂ, ಕೊನೆಯ ಎರಡಕ್ಕೆ ೧ರಿಂದ ೭ರವರೆಗಿನ ಒಂದು ಅಂಕೆಯನ್ನೂ ಗುರುತಿಸಬೇಕು. ಆ ಅಂಕೆಗಳನ್ನು ೦ಯಿಂದ ೧೦೦ರ ಮಾನಕ್ಕೆ ತಂದು, ಈ ರೋಗಿಯ ಬಾಳ್ವೆ ಇಷ್ಟು ಎಂದು ನಿರ್ಣಯಿಸುವರು.

ಪರಭಾಷೆಗೆ ತರುವಲ್ಲಿ ಈ ಸಂಸ್ಥೆಯವರ ಎಚ್ಚರಿಕೆಯು ಶ್ಲಾಘ್ಯವಾದುದು. ಇಬ್ಬರು ಬೇರೆಬೇರೆಯಾಗಿ ಅನುವಾದಿಸುವರು. ಎರಡನ್ನೂ ಕೂಡಿಸಿ ಒಂದು ಪಾಠವನ್ನು ಸಿದ್ಧಪಡಿಸುವರು. ಮೂಲವನ್ನು ನೋಡದ ಬೇರೆಯವರು ಅದನ್ನು ಮರಳಿ ಇಂಗ್ಲಿಷಿಗೆ ತಿರುಗಿಸುವರು. ಕಡೆಗೆ ಕೆಲವು ರೋಗಿಗಳಿಗೆ ಕೊಟ್ಟು ತಿಳಿಯಿತೇ ಎಂದು ಕೇಳುವರು. ನಮ್ಮ ಪ್ರಾಚೀನ ವ್ಯಾಖ್ಯಾನಕಾರರಿಗೂ ಇಷ್ಟು ಬಗೆಯ ಜಾಗರೂಕತೆ ಇರಲಿಲ್ಲವೆನ್ನಬಹುದು. ಆದರೆ ಈ ಕ್ರಮದ ಮೂರನೆಯ ಮೆಟ್ಟಿಲಿನಲ್ಲಿ ಒಂದು ದೋಷವು ಅಡಗಿರುವುದು. ಮರಳಿ ತಿರುಗಿಸುವ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುವುದು ಇಂಗ್ಲಿಷಿನ ಅಚ್ಚಿನಲ್ಲಿ ಎರಕ ಹೊಯ್ದ ಸಂಸ್ಕೃತ ಸಮಾಸ. ‘ಸಾಮಾಜಿಕ ಚಟುವಟಿಕೆ’ಯೆಂದು ಬರೆದರೆ ಅದು ಮೂಲದ ಇಂಗ್ಲಿಷ್ ಪದಗಳಾಗಿಯೇ ಹಿಂತಿರುಗುವುದು. ‘ನಾಲ್ಕು ಮಂದಿಯಲ್ಲಿ ಕೂಡುವುದು, ಒಬ್ಬರ ಮನೆಗೆ ಹೋಗಿಬರುವುದು’ ಎಂದು ಬರೆದರೆ ಮರಳಿ ತಿರುಗಿಸಿದವನ ಕೈಯಲ್ಲಿ ಅದು ಮೂಲದ ಪದವಾಗದೆ ಬೇರೆ ಯಾವುದೋ ಆಗಿ ಬರುವುದು. ಪರೀಕ್ಷಕನು ಅದನ್ನು ತಪ್ಪೆಂದು ಎಣಿಸುವನು. ಬೀದರದ ರೈತನಿಗೆ ತಿಳಿಯುವುದು ಎರಡನೆಯದು. ಹೀಗೆ ಪ್ರಾಮಾಣ್ಯಕ್ಕಾಗಿ ಇಟ್ಟ ಪರೀಕ್ಷೆಯೇ ಕನ್ನಡವಲ್ಲದ ಕನ್ನಡವನ್ನು ಎತ್ತಿಹಿಡಿಯುವುದು. ಈ ದೋಷವನ್ನು ನಾಲ್ಕನೆಯ ಮೆಟ್ಟಿಲು ತಿದ್ದಬಲ್ಲುದು. ಯಾವ ಊರಿನ ರೋಗಿಗಳನ್ನು ಕೇಳಿದರು ಎಂಬುದರ ಮೇಲೆ ಅದರ ಬೆಲೆ ನಿಂತಿರುವುದು. ಸಂಸ್ಕೃತವನ್ನು ಬಲ್ಲವರೇ ಇದನ್ನು ಮೊದಲು ಹೇಳಬೇಕು. ಏಕೆಂದರೆ ಇಂತಹ ಸಮಾಸಗಳಲ್ಲಿ ಬಹುಪಾಲು ಸಂಸ್ಕೃತ ಸಾಹಿತ್ಯದಲ್ಲಿ ಎಲ್ಲಿಯೂ ಇಲ್ಲ. ಸಂಸ್ಕೃತದ ವೇಷವನ್ನು ಹಾಕಿಕೊಂಡ ಇಂಗ್ಲಿಷು ಅವು.

‘ಜೀವನದ ಗುಣಮಟ್ಟ’ ಎಂಬುದನ್ನೇ ನೋಡಬಹುದು. ಗುಣಮಟ್ಟವನ್ನು ಹೇಳುವುದು ಸರಕಿಗೆ. ಬೀದರದ ಅಡತಿ ಅಂಗಡಿಯಲ್ಲಿ ತೊಗರಿಗೂ ಹೆಸರಿಗೂ ಗುಣಮಟ್ಟವುಂಟು. ಅದನ್ನು ನೋಡಿ ದರ ಕಟ್ಟುವವನು ಕೊಳ್ಳುವವನು. ರೋಗಿಯನ್ನು ‘ನಿಮ್ಮ ಜೀವನದ ಗುಣಮಟ್ಟವೆಷ್ಟು’ ಎಂದು ಕೇಳಿದರೆ ಆತನು ತನ್ನನ್ನು ಯಾರೋ ತೂಗುತ್ತಿರುವರೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಉತ್ತರದ ಸೀಮೆಯಲ್ಲಿ ‘ಬಾಳೇವು’ ಎಂಬ ಮಾತು ಸಂಸಾರವನ್ನು ನಡೆಸಿಕೊಂಡು ಹೋಗುವ ಅರ್ಥದಲ್ಲಿ ಇನ್ನೂ ಜೀವಂತವಾಗಿರುವುದು. ‘ಬಾಳೇವು ಹ್ಯಾಂಗ ನಡದದ?’ ಎಂಬ ಪ್ರಶ್ನೆಯಲ್ಲಿ ಆರೋಗ್ಯ, ದುಡಿಮೆ, ಮನೆಮಂದಿಯ ಒಲವು, ಸಾಲ, ಎಲ್ಲವೂ ಒಟ್ಟಿಗೆ ಬರುವುವು.

ಈ ಮಾತು ಪಾರಿಭಾಷಿಕವಲ್ಲವೆಂದು ಆಕ್ಷೇಪಿಸುವವರು ಚರಕಸಂಹಿತೆಯನ್ನು ನೋಡತಕ್ಕುದು. ಸೂತ್ರಸ್ಥಾನದ ಆರಂಭದಲ್ಲಿಯೂ ಮೂವತ್ತನೆಯ ಅಧ್ಯಾಯದಲ್ಲಿಯೂ ಆಯುಸ್ಸನ್ನು ನಾಲ್ಕಾಗಿ ವಿಂಗಡಿಸಿರುವುದು: ಸುಖಾಯು, ದುಃಖಾಯು, ಹಿತಾಯು, ಅಹಿತಾಯು. ದೇಹಕ್ಕೂ ಮನಸ್ಸಿಗೂ ರೋಗವಿಲ್ಲದೆ, ಬಲವೂ ಕೀರ್ತಿಯೂ ಸಂಪತ್ತೂ ಉಳ್ಳವನಾಗಿ, ತನ್ನಿಚ್ಛೆಯಂತೆ ನಡೆದಾಡಬಲ್ಲವನ ಆಯುಸ್ಸು ಸುಖ. ಸರ್ವಭೂತಗಳ ಒಳಿತನ್ನು ಬಯಸಿ, ಸತ್ಯವನ್ನು ನುಡಿದು, ವೃದ್ಧರನ್ನು ಸೇವಿಸಿ, ವಿಚಾರಮಾಡಿ ನಡೆಯುವವನ ಆಯುಸ್ಸು ಹಿತ. ಇವೆರಡೂ ಬೇರೆಬೇರೆ ಅಳತೆಗಳು. ಒಂದು ಕುಂದಿದಾಗ ಇನ್ನೊಂದು ಕುಂದಲೇಬೇಕೆಂಬ ನಿಯಮವಿಲ್ಲ. ಯೂರೋಪಿನ ಪ್ರಶ್ನಾವಳಿಯು ಅಳೆಯುವುದು ಬಹುತೇಕ ಸುಖವನ್ನು ಮಾತ್ರ: ನೋವುಂಟೇ, ನಿದ್ರೆ ಬರುವುದೇ, ನಡೆಯಬಲ್ಲಿರಾ, ಹಣದ ತೊಂದರೆಯಾಯಿತೇ. ಹೊಟ್ಟೆಯ ಮೇಲೆ ಚೀಲವನ್ನು ಹೊತ್ತೇ ಮೊಮ್ಮಗಳಿಗೆ ಮಗ್ಗಿ ಕಲಿಸುವ, ನೆರೆಯವರ ಜಗಳವನ್ನು ಬಗೆಹರಿಸುವ ಔರಾದ ತಾಲೂಕಿನ ಹಿರಿಯನೊಬ್ಬನು ಈ ಪತ್ರದಲ್ಲಿ ಸೋತವನಾಗಿ ಕಾಣುವನು. ಆತನ ಊರು ಹಾಗೆ ಎಣಿಸದು. ವಿಶ್ವ ಆರೋಗ್ಯ ಸಂಸ್ಥೆಯ ಇಪ್ಪತ್ತಾರು ಪ್ರಶ್ನೆಗಳ ಪತ್ರವು, ಕನ್ನಡದಲ್ಲಿಯೂ ಇರುವುದು, ಬಾಳು ಅರ್ಥವುಳ್ಳದ್ದೆಂದು ತೋರುವುದೇ ಎಂದು ಒಂದು ಪ್ರಶ್ನೆಯನ್ನಾದರೂ ಕೇಳುವುದು. ಇಷ್ಟರಮಟ್ಟಿಗೆ ಅದು ಚರಕನಿಗೆ ಹತ್ತಿರ.

ಇನ್ನು ಹೊಟ್ಟೆಯ ಆ ದ್ವಾರದ ಹೆಸರು. ವೈದ್ಯರು ಹೇಳುವ ‘ಸ್ಟೋಮಾ’ ಗ್ರೀಕರ ಭಾಷೆಯದು. ಅದಕ್ಕೆ ಬಾಯಿಯೆಂದೇ ಅರ್ಥ. ಇದನ್ನು ‘ಕೃತಕ ಗುದದ್ವಾರ’ವೆಂದು ಕನ್ನಡಿಸಿದರೆ ಅರ್ಥವು ತಿಳಿಯುವುದೇನೋ ನಿಜ, ಆದರೆ ಕೆಳಗಿನ ಅವಯವದ ಹೇಸಿಗೆಯನ್ನೆಲ್ಲ ಹೊಟ್ಟೆಯ ಮೇಲಕ್ಕೆ ಏರಿಸಿದಂತಾಗುವುದು. ‘ಕೃತಕ’ವೆಂಬುದೂ ಸುಳ್ಳು, ಅಲ್ಲಿರುವುದು ಆ ಮನುಷ್ಯನ ಸ್ವಂತ ಕರುಳು. ನವದ್ವಾರಪುರವೆಂಬ ಪ್ರಸಿದ್ಧ ರೂಪಕವನ್ನು ಹಿಡಿದು ‘ಹತ್ತನೆಯ ಬಾಗಿಲು’ ಎನ್ನಬಹುದೆಂದು ಯಾರಾದರೂ ಸೂಚಿಸಿದರೆ ಅದಕ್ಕೂ ತೊಡಕುಂಟು: ಯೋಗಿಗಳು ಆ ಹೆಸರನ್ನು ಬ್ರಹ್ಮರಂಧ್ರಕ್ಕೆ ಕೊಟ್ಟಾಗಿದೆ. ಗುದವನ್ನು ಮುಚ್ಚಿದವರಲ್ಲಿ ಒಂದು ಹೋಗಿ ಒಂದು ಬಂದುದರಿಂದ ಲೆಕ್ಕವು ಒಂಬತ್ತಕ್ಕೇ ನಿಲ್ಲುವುದೆಂಬುದು ಬೇರೆ ಮಾತು. ಕಠೋಪನಿಷತ್ತು ಈ ಪುರಕ್ಕೆ ಹನ್ನೊಂದು ದ್ವಾರಗಳನ್ನು ಹೇಳಿರುವುದು; ಭಾಷ್ಯಕಾರರು ಹೆಚ್ಚಿನ ಎರಡನ್ನು ನಾಭಿ ಮತ್ತು ಬ್ರಹ್ಮರಂಧ್ರವೆಂದು ವಿವರಿಸುವರು. ಹೊಟ್ಟೆಯ ನಡುವೆ ಒಂದು ಬಾಗಿಲಿರಬಹುದೆಂಬ ಕಲ್ಪನೆಯು ಹೊಸದಲ್ಲವೆಂಬಷ್ಟಕ್ಕೆ ಇದು ಸಾಕ್ಷಿ.

ಕನ್ನಡದಲ್ಲಿ ಕೊಡಕ್ಕೆ ಬಾಯಿ, ಬಾವಿಗೆ ಬಾಯಿ, ಚೀಲಕ್ಕೆ ಬಾಯಿ, ಗಾಯಕ್ಕೂ ಬಾಯಿ. ಈ ದ್ವಾರವು ನೋಡಲು ತುಟಿಯ ಒಳಗಿನಂತೆ ಕೆಂಪಗೆ ತೇವವಾಗಿರುವುದು, ಮುಟ್ಟಿದರೆ ನೋಯದು. ಆದುದರಿಂದ ‘ಕರುಳುಬಾಯಿ’ ಎಂಬುದು ಯುಕ್ತವಾದ ಹೆಸರಾಗಿ ತೋರುವುದು. ಗ್ರೀಕ್ ಪದದ ಮೂಲಾರ್ಥವೂ ಇದರಲ್ಲಿ ಉಳಿಯುವುದು. ಮೇಲಾಗಿ ಕರುಳೆಂಬುದು ಕನ್ನಡದಲ್ಲಿ ಬರಿಯ ಅವಯವದ ಹೆಸರಲ್ಲ. ವಾತ್ಸಲ್ಯಕ್ಕೂ ಸಂಬಂಧಕ್ಕೂ ಅದೇ ಮಾತು. ಮಗುವು ಕರುಳ ಕುಡಿ, ದಯೆಯಿಲ್ಲದವನು ಕರುಳಿಲ್ಲದವನು. ಮಲವನ್ನು ನೆನಪಿಗೆ ತರುವ ಹೆಸರಿಗಿಂತ ಈ ಹೆಸರು ಮೇಲು.

ಸುಶ್ರುತನಲ್ಲಿಯೇ ಈ ಚಿಕಿತ್ಸೆಯು ಇದ್ದಿತೆಂದು ಸಾಧಿಸುವ ಉತ್ಸಾಹವು ಕೆಲವರಲ್ಲಿ ಹುಟ್ಟಬಹುದು. ಚಿಕಿತ್ಸಾಸ್ಥಾನದ ಹದಿನಾಲ್ಕನೆಯ ಅಧ್ಯಾಯದಲ್ಲಿ ಬದ್ಧಗುದೋದರಕ್ಕೂ ಪರಿಸ್ರಾವಿ ಉದರಕ್ಕೂ ನಾಭಿಯ ಕೆಳಗೆ ಎಡಗಡೆ, ರೋಮರಾಜಿಯಿಂದ ನಾಲ್ಕಂಗುಲ ಬಿಟ್ಟು, ಹೊಟ್ಟೆಯನ್ನು ಸೀಳಿ ಕರುಳನ್ನು ಹೊರತೆಗೆದು ನೋಡಬೇಕೆಂದು ಹೇಳಿರುವುದು ನಿಜ. ಕರುಳಿನ ರಂಧ್ರವನ್ನು ಕಪ್ಪಿರುವೆಗಳಿಂದ ಕಚ್ಚಿಸಿ, ಅವುಗಳ ತಲೆಯನ್ನು ಅಲ್ಲಿಯೇ ಬಿಟ್ಟು ಮೈಯನ್ನು ಕತ್ತರಿಸುವ ಕ್ರಮವೂ ಅಲ್ಲಿಯೇ ಇರುವುದು. ಈಗಿನ ಶಸ್ತ್ರವೈದ್ಯರು ಆಜೀವ ಕರುಳುಬಾಯಿಯನ್ನು ಇಡುವ ಸ್ಥಳವೂ ಬಹುಮಟ್ಟಿಗೆ ಅದೇ ಎಡಪಕ್ಕ. ಆದರೆ ಸುಶ್ರುತನು ಕರುಳನ್ನು ಒಳಕ್ಕೆ ಸೇರಿಸಿ ಹೊಲಿಯಿಸುವನು; ಹೊರಗೆ ಬಿಡುವುದಿಲ್ಲ. ಶಾರೀರಸ್ಥಾನದಲ್ಲಿ ಆತನು ಗುದವನ್ನು ಸದ್ಯಃಪ್ರಾಣಹರ ಮರ್ಮಗಳಲ್ಲಿ ಎಣಿಸಿರುವನು. ಆ ಮರ್ಮವನ್ನೇ ತೆಗೆದುಹಾಕಿ ಮನುಷ್ಯನನ್ನು ಬದುಕಿಸಬಹುದೆಂಬುದು ಆತನ ಶಾಸ್ತ್ರದ ಎಲ್ಲೆಯಾಚೆಗಿನ ಮಾತು. ಹೊರಗೆ ಬಿಟ್ಟ ಕರುಳಿನಿಂದ ಬಹುಕಾಲ ಬದುಕಿದವರಲ್ಲಿ ಪ್ರಸಿದ್ಧನು ಫ್ರಾನ್ಸಿನ ಬ್ರೆಸ್ಟ್ ಪಟ್ಟಣದ ಒಂದು ಕೂಸು. ಗುದದ್ವಾರವಿಲ್ಲದೆ ಹುಟ್ಟಿದ ಆ ಮಗುವಿಗೆ ೧೭೯೩ರಲ್ಲಿ ದುರೆ ಎಂಬ ವೈದ್ಯನು ಎಡಪಕ್ಕದಲ್ಲಿ ದಾರಿಯನ್ನು ಮಾಡಿಕೊಟ್ಟನು. ಆತನು ನಾಲ್ವತ್ತೈದು ವರ್ಷ ಬಾಳಿದನು. ಇಲ್ಲದುದನ್ನು ಪ್ರಾಚೀನರಿಗೆ ಆರೋಪಿಸುವುದರಿಂದ ಅವರ ಗೌರವವು ಹೆಚ್ಚದು. ಚರಕನಿಂದ ಈಗ ಕಲಿಯಬೇಕಾದುದು ಬೇರೊಂದಿರುವುದು. ಉದರವನ್ನು ಕುರಿತ ಅಧ್ಯಾಯದಲ್ಲಿ, ಅಪಾಯಕರವಾದ ಚಿಕಿತ್ಸೆಗೆ ಮೊದಲು ಬಂಧುಗಳಿಗೂ ಹೆಂಡತಿಗೂ ಗುರುಗಳಿಗೂ ಸಂಶಯವನ್ನು ಬಿಚ್ಚಿ ಹೇಳಿ ಒಪ್ಪಿಗೆ ಪಡೆಯಬೇಕೆಂದು ಆತನು ವಿಧಿಸಿರುವನು.

ಪ್ರಶ್ನೆಗಳ ಒಳಹೊಕ್ಕು ನೋಡಿದರೆ ಮೊದಲನೆಯದೇ ಎಡವುವುದು. ಭಾರವಾದ ಅಂಗಡಿಯ ಚೀಲವನ್ನೋ ಪ್ರಯಾಣದ ಪೆಟ್ಟಿಗೆಯನ್ನೋ ಹೊರುವಂತಹ ಶ್ರಮದ ಕೆಲಸದಲ್ಲಿ ತೊಂದರೆಯಾಗುವುದೇ ಎಂದು ಅದು ಕೇಳುವುದು. ಭಾಲ್ಕಿಯ ಹೊಲದಲ್ಲಿ ಭಾರವೆಂದರೆ ಮೇವಿನ ಹೊರೆ, ತೊಗರಿಯ ಮೂಟೆ, ತುಂಬಿದ ಕೊಡ. ‘ಅಂಗಡಿಯ ಚೀಲ’ವೆಂದೊಡನೆ, ಹೊಟ್ಟೆಗೆ ಚೀಲ ಕಟ್ಟಿಕೊಂಡವನಿಗೆ ಯಾವ ಚೀಲವೆಂಬ ಭ್ರಾಂತಿಯೂ ಉಂಟಾಗಬಹುದು. ಭಾರವೆತ್ತಿದರೆ ಕರುಳುಬಾಯಿಯ ಪಕ್ಕದಲ್ಲಿ ಹೊಟ್ಟೆಯ ಗೋಡೆ ಸಡಿಲಿ ಕರುಳು ಉಬ್ಬುವ ಭಯವಿರುವುದರಿಂದ ವೈದ್ಯರು ಭಾರ ಎತ್ತಬೇಡವೆಂದು ಹೇಳಿರುವರು. ಅಂತಹವನು ‘ಎತ್ತುವುದೇ ಇಲ್ಲ, ಆದುದರಿಂದ ತೊಂದರೆಯಿಲ್ಲ’ ಎಂದು ೧ನ್ನು ಗುರುತಿಸಿದರೆ, ಕೂಲಿಯನ್ನು ಕಳೆದುಕೊಂಡವನು ಆರೋಗ್ಯವಂತರ ಸಾಲಿಗೆ ಸೇರುವನು.

ರೋಗದಿಂದ ನಿಮ್ಮ ಆಕರ್ಷಣೆ ಕುಂದಿತೇ, ಹೆಣ್ತನ ಅಥವಾ ಗಂಡಸುತನ ಕುಂದಿತೇ ಎಂದು ಕರುಳಿನ ಪತ್ರವು ಕೇಳುವುದು. ಕೇಳತಕ್ಕ ಪ್ರಶ್ನೆಯೇ. ಆದರೆ ‘ಆಕರ್ಷಕ’ವೆಂಬ ಪದವನ್ನು ಅಪರಿಚಿತನೊಬ್ಬನು ಅರುವತ್ತರ ಗೃಹಿಣಿಯ ಮುಂದೆ ನುಡಿದರೆ ಉತ್ತರ ಬಾರದು, ಬಂದರೂ ಸುಳ್ಳಾಗಿರುವುದು. ಆಕೆಯ ಕಷ್ಟವಿರುವುದು ಸೀರೆಯಲ್ಲಿ. ನಿರಿಗೆಯನ್ನು ಸಿಕ್ಕಿಸುವ ಜಾಗಕ್ಕೇ ಕರುಳುಬಾಯಿ ಬಂದರೆ ಕಟ್ಟು ಬಿಗಿಯಾದಾಗ ಚೀಲವು ತುಂಬದು, ಮಗ್ಗುಲಿಂದ ಸೋರುವುದು. ಸಡಿಲಬಿಟ್ಟರೆ ಸೀರೆ ನಿಲ್ಲದು. ಕಚ್ಚೆ ಹಾಕಿ ಉಡುವವರಿಗೂ ಧೋತರದವರಿಗೂ ಇದೇ ಪಾಡು. ಶಸ್ತ್ರಕ್ರಿಯೆಗೆ ಮುಂಚೆ ರೋಗಿಯನ್ನು ಕೂಡಿಸಿ, ನಿಲ್ಲಿಸಿ, ಬಗ್ಗಿಸಿ, ಉಡುವ ಬಟ್ಟೆಯ ಕಟ್ಟನ್ನು ನೋಡಿ ಸ್ಥಳವನ್ನು ಗುರುತಿಸಬೇಕೆಂದು ಈ ಶಾಸ್ತ್ರದವರು ಹೇಳುವುದು ಇದಕ್ಕಾಗಿಯೇ. ಕರುಳಿನ ಪತ್ರದಲ್ಲಿ ಬಟ್ಟೆಯ ಮಾತೇ ಇಲ್ಲ. ‘ಸೀರಿ ಮೊದಲಿನ್ಹಂಗ ಉಡಲಾಕ ಬರ್ತದೇನ್ರಿ?’ ಎಂದು ಹೆಂಗಸೊಬ್ಬಳು ಕೇಳಿದರೆ ಆಕರ್ಷಣೆಯ ಪ್ರಶ್ನೆಗೂ ಅರ್ಧ ಉತ್ತರವು ಅದರಲ್ಲಿಯೇ ದೊರೆಯುವುದು.

ಚೀಲದ ವಿಷಯವಾಗಿ ಕೇಳುವ ಪ್ರಶ್ನೆಗಳು ಮಾತ್ರ ಚೆನ್ನಾಗಿರುವುವು: ಗಾಳಿ ತಾನಾಗಿ ಹೊರಡುವುದೇ, ಮಲ ಸೋರುವುದೇ, ಸುತ್ತಣ ಚರ್ಮ ಹುಣ್ಣಾಗುವುದೇ, ಹಗಲಿನಲ್ಲಿಯೂ ರಾತ್ರಿಯಲ್ಲಿಯೂ ಚೀಲವನ್ನು ಪದೇಪದೇ ಬದಲಿಸಬೇಕಾಗುವುದೇ, ನೋಡಿಕೊಳ್ಳುವುದು ಕಷ್ಟವೇ. ಚೀಲವಿಲ್ಲದ ರೋಗಿಗಳಿಗೂ ಗಾಳಿ, ಸೋರುವಿಕೆ, ಹುಣ್ಣುಗಳ ವಿಷಯವಾಗಿ ಇವೇ ಪ್ರಶ್ನೆಗಳನ್ನು ಇಟ್ಟಿರುವರು. ಇದು ರಚನಾಕಾರರ ನ್ಯಾಯಬುದ್ಧಿಗೆ ಸಾಕ್ಷಿ. ಗುದವನ್ನು ಉಳಿಸಿಕೊಂಡವರೆಲ್ಲರೂ ಸುಖಿಗಳೆಂಬ ತಪ್ಪು ಎಣಿಕೆಗೆ ಇಲ್ಲಿ ಎಡೆಯಿಲ್ಲ. ಇನ್ನೊಂದು ಪ್ರಶ್ನೆಯನ್ನು ಈ ನೆಲವೇ ಕೇಳಿಸುವುದು. ಬೇಸಗೆಯ ಬೆವರಿನಲ್ಲಿ ಅಂಟು ಬಿಡುವುದು. ತೊಳೆಯಲು ನೀರು ಬೇಕು. ಚೀಲವನ್ನು ಒಮ್ಮೆ ಬಳಸಿ ಎಸೆಯುವಂತೆ ೧೯೫೪ರಲ್ಲಿ ರೂಪಿಸಿದವಳು ಡೆನ್ಮಾರ್ಕಿನ ದಾದಿ ಎಲಿಸೆ ಸೋರೆನ್‌ಸೆನ್. ತನ್ನ ತಂಗಿಯ ಸಂಕಟವನ್ನು ನೋಡಲಾರದೆ. ಹಣವಿಲ್ಲದವರು ಅದನ್ನೇ ತೊಳೆದು ಒಣಗಿಸಿ ಮತ್ತೆ ಕಟ್ಟಿಕೊಳ್ಳುವುದುಂಟು. ‘ಪದೇಪದೇ ಬದಲಿಸಬೇಕಾಗುವುದೇ’ ಎಂಬುದಕ್ಕೆ ಅಂತಹವರು ಕೊಡುವ ಚಿಕ್ಕ ಅಂಕೆಯು ಸುಖದ ಗುರುತಲ್ಲ.

ಕರುಳುಬಾಯಿಯಿಂದ ನಿಮಗೆ ನಾಚಿಕೆಯಾಯಿತೇ ಎಂಬ ಪ್ರಶ್ನೆಯೇ ಎಲ್ಲಕ್ಕಿಂತ ಗಹನವಾದುದು. ಇಲ್ಲಿ ಅಲಂಕಾರಶಾಸ್ತ್ರವು ನೆರವಾಗುವುದು. ಭರತನು ವ್ರೀಡೆಯನ್ನು ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಎಣಿಸಿರುವನು; ಅದು ಬಂದು ಹೋಗುವ ಭಾವ, ಇನ್ನೊಬ್ಬರ ಕಣ್ಣಿನ ಇದಿರಿಗೆ ಹುಟ್ಟುವುದು. ಜುಗುಪ್ಸೆಯಾದರೋ ಸ್ಥಾಯಿ, ನೋಡುವವರಿಲ್ಲದಾಗಲೂ ಇರುವುದು. ಪ್ರಶ್ನಾವಳಿಯು ಕೇಳುವುದು ವ್ರೀಡೆಯನ್ನು. ಆದರೆ ಮನೆಯಿಂದ ಹೊರಗೆ ಬಾರದ, ಯಾರ ಕಣ್ಣಿಗೂ ಬೀಳದ ರೋಗಿಗೆ ವ್ರೀಡೆಯೆಲ್ಲಿಯದು? ಆತನು ‘ನಾಚಿಕೆಯಿಲ್ಲ’ ಎಂದು ಸತ್ಯವನ್ನೇ ಹೇಳುವನು; ತನ್ನ ಮೈಯನ್ನು ತಾನು ನೋಡಲಾರದ ಜುಗುಪ್ಸೆಯು ಒಳಗೆ ಹಾಗೆಯೇ ಉಳಿಯುವುದು.

ಬೀಭತ್ಸವನ್ನು ಭರತನು ಇನ್ನೂ ಒಡೆದು ನೋಡಿರುವನು. ರಕ್ತ, ಕರುಳು ಮೊದಲಾದವುಗಳಿಂದ ಹುಟ್ಟುವುದು ಕ್ಷೋಭಜ. ಮಲ, ಕ್ರಿಮಿಗಳಿಂದ ಹುಟ್ಟುವುದು ಉದ್ವೇಗಿ. ಶಸ್ತ್ರಕ್ರಿಯೆಯ ಮರುದಿನ ತನ್ನ ಕರುಳನ್ನೇ ಹೊಟ್ಟೆಯ ಮೇಲೆ ಕಂಡು ಬೆದರುವ ರೋಗಿಯದು ಕ್ಷೋಭಜ. ದಾದಿಯು ಆತನ ಕೈಯಿಂದಲೇ ಮುಟ್ಟಿಸಿ, ನೋಯುವುದಿಲ್ಲವೆಂದು ತೋರಿಸಿದರೆ ಇದು ಬೇಗ ಅಡಗಬಲ್ಲುದು. ಉದ್ವೇಗಿಯು ಅಷ್ಟು ಸುಲಭದಲ್ಲಿ ಹೋಗದು. ಅದು ವಾಸನೆಯಲ್ಲಿ, ಪಂಕ್ತಿಯ ಊಟದಲ್ಲಿ, ಮಲಗುವ ಹಾಸಿಗೆಯಲ್ಲಿ ಮತ್ತೆಮತ್ತೆ ತಲೆಯೆತ್ತುವುದು. ಎರಡನ್ನೂ ಒಂದೇ ಅಂಕೆಯಲ್ಲಿ ಅಡಗಿಸಿದರೆ ವೈದ್ಯನಿಗೆ ಯಾವುದಕ್ಕೆ ಮದ್ದು ಬೇಕೆಂಬುದು ತಿಳಿಯದು.

ಇದಕ್ಕೆ ಮೂರನೆಯದೊಂದನ್ನು ಧನಂಜಯನು ದಶರೂಪಕದಲ್ಲಿ ಹೇಳಿರುವನು: ವೈರಾಗ್ಯದಿಂದ ಹುಟ್ಟುವ ಶುದ್ಧ ಜುಗುಪ್ಸೆ. ಶರೀರವು ಮಲಮೂತ್ರಗಳ ಚೀಲ, ತೊಗಲಿನ ತಿತ್ತಿ ಎಂಬ ಮಾತು ಕನ್ನಡದ ವೈರಾಗ್ಯವಾಙ್ಮಯದಲ್ಲೆಲ್ಲ ಹರಡಿರುವುದು. ಬಸವಕಲ್ಯಾಣವನ್ನು ತನ್ನೊಳಗಿಟ್ಟುಕೊಂಡ ಬೀದರ ಜಿಲ್ಲೆಯಲ್ಲಿ, ತತ್ವಪದಗಳ ಭಜನೆ ಹಳ್ಳಿಹಳ್ಳಿಯ ರಾತ್ರಿಯಲ್ಲಿ ಕೇಳಿಬರುವ ಈ ನೆಲದಲ್ಲಿ, ಆ ರೂಪಕವು ಪುಸ್ತಕದ ಮಾತಲ್ಲ. ಭಜನೆಯ ಗುಂಪಿನ ಹಿಂದೆ, ಗೋಡೆಗೆ ಒರಗಿ, ಅಂಗಿಯೊಳಗೆ ನಿಜವಾದ ಚೀಲವನ್ನು ಕಟ್ಟಿಕೊಂಡವನೊಬ್ಬನು ಕುಳಿತಿರುವನೆಂದು ಎಣಿಸಲಿ. ಹಾಡು ಆತನನ್ನು ಇರಿಯುವುದೋ, ಸಂತೈಸುವುದೋ? ಇದರ ನಿರ್ಣಯವು ರೂಪಕದಲ್ಲಿಲ್ಲ, ರೂಪಕದ ಆಶ್ರಯದಲ್ಲಿರುವುದು. ಎಲ್ಲ ದೇಹಗಳೂ, ಹಾಡುವವನ ದೇಹವೂ ಸೇರಿ, ಇಂತಹವೇ ಎಂದು ಹೇಳುವ ಪದದಲ್ಲಿ ರೋಗಿಗೆ ಸಮತೆಯುಂಟು. ಉಳಿದವರಲ್ಲಿ ಮುಚ್ಚಿರುವುದು ತನ್ನಲ್ಲಿ ಕಾಣುವುದು, ಭೇದವಿಷ್ಟೇ. ಅದೇ ಮಾತನ್ನು ಹೆಣ್ಣಿನ ಮೈಗೆ ಮಾತ್ರ ಅಂಟಿಸಿ, ನುಡಿಯುವವನು ತಾನು ಹೊರಗೆ ನಿಂತ ಪದ್ಯಗಳೂ ನಮ್ಮಲ್ಲಿ ಕಡಿಮೆಯಿಲ್ಲ. ಅವು ವೈರಾಗ್ಯದ ಹೆಸರಿನ ತಿರಸ್ಕಾರ. ಪಾಠಶಾಲೆಯಲ್ಲಿ ಇವೆರಡನ್ನೂ ಒಂದೇ ಉಸಿರಿನಲ್ಲಿ ವೈರಾಗ್ಯವೆಂದು ಬೋಧಿಸುವ ಅಧ್ಯಾಪಕರು ಈ ಭೇದವನ್ನು ಗಮನಿಸತಕ್ಕುದು.

ಶೌಚಾಶೌಚದ ಪ್ರಶ್ನೆಯು ಇದರ ಬೆನ್ನಿಗೇ ಬರುವುದು. ಪೂಜೆ, ನಮಾಜು, ಪಂಕ್ತಿಭೋಜನಗಳನ್ನು ರೋಗಿಯು ತಾನಾಗಿಯೇ ಬಿಟ್ಟುಬಿಟ್ಟರೆ ಆತನ ಬಾಳ್ವೆಯಲ್ಲಿ ಉಂಟಾಗುವ ಕೊರತೆಯು ಅಲ್ಪವಲ್ಲ. ಯೂರೋಪಿನ ಆ ಎರಡು ಪತ್ರಗಳ ಐವತ್ತೊಂಬತ್ತು ಪ್ರಶ್ನೆಗಳಲ್ಲಿ ಇದನ್ನು ಕೇಳುವುದು ಒಂದೂ ಇಲ್ಲ. ಶಾಸ್ತ್ರಗಳನ್ನು ನೋಡಿದರೆ ಎಲ್ಲೆಡೆಯಲ್ಲಿಯೂ ಅವಕಾಶವು ಇದ್ದೇ ಇರುವುದು. ಮನುಸ್ಮೃತಿಯ ಐದನೆಯ ಅಧ್ಯಾಯವು ನಾಭಿಯ ಮೇಲಣ ರಂಧ್ರಗಳು ಶುದ್ಧ, ಕೆಳಗಣವು ಅಶುದ್ಧವೆಂದು ಗೆರೆಯೆಳೆದಿರುವುದು. ಆದರೆ ಅಡ್ಡಗರುಳಿನಿಂದ ತೆಗೆದ ಕರುಳುಬಾಯಿಯು ನಾಭಿಗಿಂತ ಮೇಲಿರುವುದುಂಟು. ಆ ಗೆರೆಯಿಂದ ಈ ರೋಗಿಯ ವಿಚಾರವು ತೀರದು. ರೋಗದಲ್ಲಿಯೂ ಆಪತ್ತಿನಲ್ಲಿಯೂ ಮೊದಲು ದೇಹವನ್ನು ಕಾಪಾಡಿಕೊಂಡು ಬಳಿಕ ಧರ್ಮವನ್ನು ಆಚರಿಸಬೇಕೆಂದು ಪರಾಶರನು ಸ್ಪಷ್ಟವಾಗಿ ಹೇಳಿರುವನು. ಲಿಂಗಧಾರಿಗಳಿಗೆ ಪಂಚಸೂತಕಗಳೇ ಇಲ್ಲವೆಂಬುದು ಶರಣಧರ್ಮದ ಮೂಲಭೂತ ನಿಲುವು. ಹೀಗಿರಲಾಗಿ ಭಾಲ್ಕಿಯ ಶರಣೆಯೊಬ್ಬಳು ಚೀಲದ ಕಾರಣದಿಂದ ಇಷ್ಟಲಿಂಗಪೂಜೆಯನ್ನು ಬಿಡುವುದಾದರೆ ಅದು ರೂಢಿಯ ಬಲವೇ ಹೊರತು ಶಾಸ್ತ್ರದ ಬಲವಲ್ಲ. ಬೀದರದ ಮುಸಲ್ಮಾನರಿಗೂ ಹಾಗೆಯೇ: ತಡೆಯಲಾಗದ ಸ್ರಾವವುಳ್ಳವನನ್ನು ಹನಫೀ ಶಾಸ್ತ್ರಕಾರರು ಮಾಜೂರನೆಂದು ಕರೆದು, ಪ್ರತಿ ನಮಾಜಿನ ಹೊತ್ತಿಗೆ ಒಮ್ಮೆ ವುಜೂ ಮಾಡಿದರೆ ಸಾಕೆಂದು ವಿಧಿಸಿರುವರು. ಈ ಅನುಜ್ಞೆಗಳನ್ನು ರೋಗಿಯ ಕಿವಿಗೆ ಮುಟ್ಟಿಸುವವರು ಯಾರು? ವೈದ್ಯರಿಗೆ ಇದು ತಿಳಿಯದು. ತಿಳಿದವರು ಆಸ್ಪತ್ರೆಗೆ ಹೋಗುವುದಿಲ್ಲ.

ರೋಗವು ತಡವಾಗಿ ಹೊರಬೀಳುವುದರಲ್ಲಿಯೂ ಮಾತಿನ ಪಾಲುಂಟು. ಗುದದಿಂದ ರಕ್ತ ಬಿದ್ದರೆ ಎಲ್ಲವೂ ಮೂಲವ್ಯಾಧಿಯೇ. ಈ ಒಂದು ಹೆಸರಿನ ನೆರಳಿನಲ್ಲಿ ಕ್ಯಾನ್ಸರು ತಿಂಗಳುಗಟ್ಟಲೆ ಬೆಳೆಯುವುದುಂಟು.

ಬೀದರದಲ್ಲಿ ೨೦೦೭ರಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯು ಸ್ಥಾಪಿತವಾಯಿತು. ಆದರೂ ಕ್ಯಾನ್ಸರಿನ ಪೂರ್ಣ ಚಿಕಿತ್ಸೆಗೆಂದು ಹೊರಟವರ ಮುಂದೆ ಹಲವು ದಾರಿಗಳಿರುವುವು: ಹೈದರಾಬಾದಿನ ಮೆಹದಿ ನವಾಜ ಜಂಗ ಸಂಸ್ಥೆ, ಕಲಬುರಗಿಯಲ್ಲಿರುವ ಕಿದ್ವಾಯಿ ಸಂಸ್ಥೆಯ ಶಾಖೆ, ಸೊಲ್ಲಾಪುರ ಜಿಲ್ಲೆಯ ಬಾರ್ಶಿ, ದೂರದ ಬೆಂಗಳೂರು. ಒಂದೆಡೆ ತೆಲುಗು ಮತ್ತು ಉರ್ದು, ಇನ್ನೊಂದೆಡೆ ಮರಾಠಿ, ಮತ್ತೊಂದೆಡೆ ಇಲ್ಲಿಯ ಕಿವಿಗೆ ಒಗ್ಗದ ದಕ್ಷಿಣದ ಕನ್ನಡ. ಚೀಲವನ್ನು ಹೇಗೆ ಕತ್ತರಿಸಬೇಕು, ಚರ್ಮವನ್ನು ಹೇಗೆ ಒರೆಸಬೇಕೆಂಬ ಪಾಠವು ರೋಗಿಗೆ ಯಾವ ಭಾಷೆಯಲ್ಲಿ ದೊರೆಯುವುದೆಂಬುದು ಆತನು ಹತ್ತಿದ ಬಸ್ಸಿನ ಮೇಲೆ ನಿಂತಿರುವುದು.

ಈ ಭಾಷಾಸಂಕರವು ಇಂದಿನದಲ್ಲ. ೧೯೫೬ರ ನವೆಂಬರ ೧ರವರೆಗೆ ಈ ಜಿಲ್ಲೆಯು ಹೈದರಾಬಾದ ರಾಜ್ಯದಲ್ಲಿದ್ದಿತು. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯು ಸರ್ವವಿದಿತ. ಈಗ ಎಂಬತ್ತು ದಾಟಿದವರ ಬಾಲ್ಯವು ಆ ಕಾಲದ್ದು. ಅವರಲ್ಲಿ ಉರ್ದು ಅಥವಾ ಮರಾಠಿ ಓದಬಲ್ಲವರೂ, ಏನನ್ನೂ ಓದಲಾರದವರೂ ಉಂಟು; ಮನೆಯ ಮಾತು ಮಾತ್ರ ಕನ್ನಡ. ಅಚ್ಚಾದ ಕನ್ನಡ ಪತ್ರವನ್ನು ಅವರ ಕೈಗೆ ಕೊಟ್ಟರೆ ಮಗನೋ ಮೊಮ್ಮಗನೋ ಓದಿ ಹೇಳಬೇಕು. ಸಂಸಾರಸುಖವನ್ನು ಕುರಿತ ಪ್ರಶ್ನೆಗೆ ಮಗನ ಬಾಯಿಂದ ಬಂದ ಮಾತಿಗೆ ತಂದೆಯು ಕೊಡುವ ಉತ್ತರವು ಎಷ್ಟರಮಟ್ಟಿನದೆಂಬುದನ್ನು ವಿವರಿಸಬೇಕಾದುದಿಲ್ಲ.

‘ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ಬಹಳ’ ಎಂಬಂತೆ ನಾಲ್ಕು ಮೆಟ್ಟಿಲುಗಳನ್ನು ಇಟ್ಟರೆ ಮೂರನೆಯದರಲ್ಲಿ ತೊಡಕಾಗುವುದು. ‘ಸಾಕಷ್ಟು’ ಎಂಬುದಕ್ಕೆ ‘ಸಾಕು’ ಎಂಬುದರ ನೆರಳು ಬಿದ್ದಿರುವುದು. ಸಾಕಷ್ಟು ನೋವು ಎಂದರೆ ತಡೆದುಕೊಳ್ಳಬಹುದಾದಷ್ಟು ಎಂದೂ ಅರ್ಥವಾಗಬಹುದು. ಬೀದರದ ಕನ್ನಡದಲ್ಲಿ ‘ಜರಾ’ ಮತ್ತು ‘ಭಾಳ’ ಎಂಬೆರಡೇ ತುದಿಗಳು ರೂಢ. ನಡುವಣ ಅಂತರವನ್ನು ‘ಭಾಳ ಅಂದ್ರ ಭಾಳ’ ಎಂದು ಇಮ್ಮಡಿಸಿ, ಕೊರಳನ್ನು ಎಳೆದು ತೋರಿಸುವರು. ಔರಾದದ ತಾಂಡಾಗಳಲ್ಲಿ ಲಂಬಾಣಿಗರು ಆಡುವ ಮಾತಿಗೆ ತನ್ನದೇ ಆದ ಲಿಪಿಯು ಇಲ್ಲ. ಅಲ್ಲಿ ಪ್ರಶ್ನಾವಳಿಯು ಅಚ್ಚಿನಲ್ಲಿ ಇದ್ದರೂ ಬಾಯಿಯಲ್ಲಿಯೇ ನಡೆಯತಕ್ಕುದು. ಓದಿ ಹೇಳುವವಳ ದನಿ, ಆಕೆ ಯಾವ ಪ್ರಶ್ನೆಗೆ ತಲೆ ತಗ್ಗಿಸಿದಳು, ಯಾವುದನ್ನು ಹಾರಿಸಿದಳು ಎಂಬುದೂ ಪಾಠದ ಭಾಗವೇ. ಗ್ರಂಥಸಂಪಾದಕರು ಹಸ್ತಪ್ರತಿಯ ಅಂಚಿನಲ್ಲಿ ಲಿಪಿಕಾರನ ಹೆಸರು, ಊರುಗಳನ್ನು ಗುರುತಿಸುವಂತೆ, ಇಂತಹ ಉತ್ತರಪತ್ರಗಳ ಮೇಲೆಯೂ ಕೇಳಿದವರು ಯಾರು, ಯಾವ ಮಾತಿನಲ್ಲಿ ಕೇಳಿದರು, ಪಕ್ಕದಲ್ಲಿ ಯಾರಿದ್ದರು ಎಂಬುದನ್ನು ಬರೆದಿಡತಕ್ಕುದು.